ಹೊಲಿಗೆ ಗಟ್ಟಿ, ಬೆರಳು ಮಾತ್ರ ಮಡಚ್ತಿಲ್ಲ

ಕಾರ ಹುಣ್ಣಿಮೆ ಕರಿ ನೋಡೋಕೆ ನಾವು ನಾಲ್ಕು ಜನ ಕ್ಲಾಸ್‌ಮೇಟ್ ಜೊತೆ ಅವನೂರು ಕಾಖಂಡಕಿಗೆ ಹೋಗಿದ್ವಿ. ಅವನ ಕಾಕಾ ಈ ಸಲ ಹೋರಿ ಹಗ್ಗ ಹಿಡಿಯಲಿಲ್ಲ, ಕಟ್ಟೆ ಮೇಲೆ ಕೂತಿದ್ರು. ಫೆಬ್ರವರಿಯಲ್ಲಿ ಜೋಳದ ತೆನೆ ಕೊಯ್ಯುವಾಗ ಕುಡಗೋಲು ತಾಗಿ ಎಡಗೈ ತೋರುಬೆರಳಿನ ಟೆಂಡನ್, ಅಂದ್ರೆ ಸ್ನಾಯುರಜ್ಜು, ತುಂಡಾಗಿತ್ತು. ಆಪರೇಷನ್ ಚೆನ್ನಾಗೇ ಆಗಿದೆ. ಆದ್ರೆ ಬೆರಳು ಅರ್ಧಕ್ಕೇ ನಿಲ್ಲುತ್ತೆ.

"ಹೊಲಿಗಿ ಹರದೀತಂತ ಅಂಜಿ ಎಂಟು ವಾರ ಅಲ್ಲಾಡಿಸಲೇ ಇಲ್ಲೋ ತಮ್ಮಾ" ಅಂದ್ರು.

ತಪ್ಪು ಅವರದ್ದು ಅನ್ನೋಕಾಗಲ್ಲ. ಹೊಲಿದ ಜಾಗ ಅಲ್ಲಾಡಿಸಬಾರದು ಅಂತಲೇ ಎಲ್ಲರೂ ಅಂದ್ಕೊಳ್ತಾರೆ, ನಾವೂ ಹಾಗೇ ಅಂದ್ಕೊಂಡಿದ್ವಿ.

ಸೈಕಲ್ ಬ್ರೇಕ್ ಕೇಬಲ್ ನೆನಪಿಸಿಕೊಳ್ಳಿ. ಮುಂಗೈಯ ಸ್ನಾಯು ಎಳೆಯುತ್ತೆ, ಟೆಂಡನ್ ಒಳಗಿನ ತಂತಿ, ಅದರ ಸುತ್ತಲಿನ ಪೊರೆ ಹೊರಗಿನ ಕೊಳವೆ. ಬೆರಳಿನ ಬುಡದಲ್ಲಿ ಒಂದೇ ಇಕ್ಕಟ್ಟಾದ ಕೊಳವೆಯಲ್ಲಿ ಎರಡು ಟೆಂಡನ್ ಓಡಾಡ್ತವೆ. ಹಿಂದೆ ಸರ್ಜನ್‌ಗಳು ಈ ಭಾಗಕ್ಕೆ 'ನೋ ಮ್ಯಾನ್ಸ್ ಲ್ಯಾಂಡ್' ಅಂತಲೇ ಹೆಸರಿಟ್ಟಿದ್ರು. ಗಾಯ ಮಾಯುವಾಗ ದೇಹ ಕೊಲಾಜನ್ ಎಂಬ ಅಂಟು ಹಾಕುತ್ತೆ. ತಂತಿಯ ಎರಡು ತುದಿ ಯಾವುದು, ಕೊಳವೆ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ, ಎಲ್ಲವನ್ನೂ ಸೇರಿಸಿ ಅಂಟಿಸಿಬಿಡುತ್ತೆ. ಕಾಕಾ ಬೆರಳನ್ನ ಇನ್ನೊಂದು ಕೈಯಿಂದ ಒತ್ತಿದ್ರೆ ಪೂರ್ತಿ ಮಡಚುತ್ತೆ, ತಾನಾಗಿ ಮಡಚಲ್ಲ. ಅಂದ್ರೆ ಕೀಲು ಸರಿಯಿದೆ, ಕೇಬಲ್ ಸಿಕ್ಕಿಹಾಕಿಕೊಂಡಿದೆ. ಡಾಕ್ಟರೂ ಪರೀಕ್ಷೆ ಮಾಡಿ, ಟೆಂಡನ್ ಹರಿದಿಲ್ಲ, ಅಂಟಿಕೊಂಡಿದೆ ಅಂದಿದ್ದಾರೆ.

ಹಾಗಂತ ಜೋರಾಗಿ ಎಳೆದ್ರೆ ಹೊಲಿಗೆ ಕಿತ್ತು ಬರುತ್ತೆ, ಮೊದಲ ಮೂರು ವಾರ ಅದು ತುಂಬಾ ದುರ್ಬಲ. ಹಾಗಾಗಿ ಉಪಾಯ ಏನಂದ್ರೆ, ಚಲನೆ ಬೇಕು, ಲೋಡ್ ಬೇಡ. 1960ರ ದಶಕದಲ್ಲಿ ಅಮೆರಿಕದ ಕ್ಲೈನರ್ಟ್ ತಂಡ ಉಗುರಿಗೆ ರಬ್ಬರ್ ಬ್ಯಾಂಡ್ ಕಟ್ಟಿತು. ರೋಗಿ ಬೆರಳು ಬಿಚ್ಚೋದು ಮಾತ್ರ, ಮಡಚೋ ಕೆಲಸ ರಬ್ಬರ್‌ದು. (ಸ್ಪ್ರಿಂಗ್ ರಿಟರ್ನ್, ಮೆಕ್ಯಾನಿಕಲ್ ಬ್ರಾಂಚಿನವರಿಗೆ ಖುಷಿ!) 1975ರಲ್ಲಿ ಡ್ಯುರಾನ್ ಮತ್ತು ಹೌಸರ್, ಟೆಂಡನ್ 3ರಿಂದ 5 ಮಿಲಿಮೀಟರ್ ಜಾರಿದ್ರೂ ಗಟ್ಟಿ ಅಂಟು ತಪ್ಪುತ್ತೆ ಅಂದ್ರು. ಅಷ್ಟೇ, ಒಂದು ಜೋಳದ ಕಾಳಿನಷ್ಟು! ಈಗ ನಾಲ್ಕು ಎಳೆಯ ಗಟ್ಟಿ ಹೊಲಿಗೆ ಇದ್ರೆ ಥೆರಪಿಸ್ಟ್ ಎದುರಲ್ಲಿ ಮೆಲ್ಲಗೆ ತಾನಾಗೇ ಮಡಚಿಸೋದೂ ಇದೆ.

ಸಾಮಾನ್ಯವಾಗಿ ಆಪರೇಷನ್ ಆದ ಮೂರ್ನಾಲ್ಕು ದಿನಕ್ಕೇ ಇದು ಶುರು. ಕೈಹಿಂದೆ ಸ್ಪ್ಲಿಂಟ್ ಸುಮಾರು ಆರು ವಾರ, ಭಾರ ಎತ್ತೋದು ಹನ್ನೆರಡು ವಾರದ ಮೇಲೆ. ಕೈ ಎತ್ತರದಲ್ಲಿ ಇಟ್ಟುಕೊಂಡ್ರೆ ಬಾವು ಕಮ್ಮಿ. ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಮುಚ್ಚಿದ ಮೇಲೆ ಕಲೆಗೆ ಮಸಾಜ್. ಆದ್ರೆ ಯಾವ ವ್ಯಾಯಾಮ ಎಷ್ಟು ಅನ್ನೋದು ಹೊಲಿದ ಡಾಕ್ಟರೇ ಹೇಳಬೇಕು, ವಿಡಿಯೋ ನೋಡಿ ಮಾಡೋದಲ್ಲ.

ಕಾಕಾಗೆ ಇದನ್ನೆಲ್ಲ ಯಾರೂ ಬಿಡಿಸಿ ಹೇಳಿರಲಿಲ್ಲ. ಈಗ ವಾರಕ್ಕೆರಡು ಸಲ ಬಸ್ ಹತ್ತಿ ವಿಜಯಪುರಕ್ಕೆ ಫಿಸಿಯೋಥೆರಪಿಗೆ ಹೋಗ್ತಾರೆ. ಸುಧಾರಿಸದಿದ್ರೆ ಅಂಟು ಬಿಡಿಸೋ ಇನ್ನೊಂದು ಆಪರೇಷನ್ ಇದೆ, ಟೆನೊಲೈಸಿಸ್ ಅಂತ. ಅದಾದ ಮೇಲೂ ತಕ್ಷಣ ಬೆರಳು ಆಡಿಸಲೇಬೇಕು, ಇಲ್ಲಾಂದ್ರೆ ಮತ್ತೆ ಅಂಟುತ್ತೆ.

ನಾವು ನಮ್ಮ ಸ್ಟೀಲ್ ಸ್ಕೇಲ್ ಅಲ್ಲೇ ಬಿಟ್ಟು ಬಂದ್ವಿ. ಬೆರಳ ತುದಿಗೂ ಅಂಗೈಗೂ ಇರೋ ಅಂತರವನ್ನ ಅವರು ಪ್ರತಿ ಭಾನುವಾರ ಅಳೆದು ಫೋನ್ ಮಾಡ್ತಾರೆ. ಮೊದಲು 5 ಸೆಂಟಿಮೀಟರ್ ಇತ್ತು, ಮೊನ್ನೆ 4.2.