ರೆಜೈನಾದ ಪೆಟ್ಟಿಗೆ ಒಡೆಯಬೇಕೆ?

ಕೆನಡಾದ ಸಸ್ಕ್ಯಾಚವಾನ್ ಪ್ರಾಂತ್ಯದ ರಾಜಧಾನಿ ರೆಜೈನಾ. ಅಲ್ಲಿನ ಒಂದು ಮನೆಯಲ್ಲಿ, ಬೇರೆ ಎಷ್ಟೋ ಡಬ್ಬಗಳ ನಡುವೆ, ಒಂದು ರಟ್ಟಿನ ಪೆಟ್ಟಿಗೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಕೂತಿತ್ತು. ಒಳಗಿದ್ದದ್ದು ಐಸ್ ಹಾಕಿ ಆಟಗಾರರ ಚಿತ್ರವಿರುವ ಕಾರ್ಡುಗಳ ಪೊಟ್ಟಣಗಳು. ಓ-ಪೀ-ಚೀ ಎಂಬ ಚ್ಯೂಯಿಂಗ್ ಗಮ್ ಕಂಪನಿ 1979-80ರ ಸಾಲಿಗೆಂದು ಅಚ್ಚು ಹಾಕಿಸಿದವು. ಕಾರ್ಖಾನೆಯಿಂದ ಹೊರಟ ಪೆಟ್ಟಿಗೆ ಹೊರಟಂತೆಯೇ ಇತ್ತು, ಯಾರೂ ಒಡೆದಿರಲಿಲ್ಲ. 2024ರ ಫೆಬ್ರುವರಿಯಲ್ಲಿ ಹೆರಿಟೇಜ್ ಆಕ್ಷನ್ಸ್ ಸಂಸ್ಥೆ ಅದನ್ನು ಹರಾಜಿಗಿಟ್ಟಾಗ ಬಂದ ಬೆಲೆ 37.2 ಲಕ್ಷ ಡಾಲರ್. ಅಂದಿನ ಲೆಕ್ಕದಲ್ಲಿ ಮೂವತ್ತು ಕೋಟಿ ರೂಪಾಯಿಗೂ ಹೆಚ್ಚು.

ಚಿಲ್ಲರೆ ಕಾಸಿಗೆ ಮಕ್ಕಳು ಕೊಳ್ಳಲೆಂದು ತಯಾರಾದ ಸರಕು ಇದು. ಗಮ್ ಜಗಿದು, ಕಾರ್ಡು ನೋಡಿ, ಇದ್ದದ್ದೇ ಮತ್ತೆ ಬಂದರೆ ಗೆಳೆಯನಿಗೆ ಕೊಟ್ಟು ಬೇರೆ ಪಡೆಯಲಿ ಎಂದು ಮಾಡಿದ್ದು. ಅದಕ್ಕೆ ಇಷ್ಟು ಬೆಲೆ ಬಂದದ್ದು ಅದನ್ನು ಯಾರೂ ಒಡೆಯಲಿಲ್ಲ ಎಂಬ ಒಂದೇ ಕಾರಣಕ್ಕೆ. ಈ ಸಂಗತಿ ಓದಿದಂದಿನಿಂದ ನನ್ನ ತಲೆಯಿಂದ ಹೋಗಿಲ್ಲ. ಟ್ರೇಡಿಂಗ್ ಕಾರ್ಡುಗಳ ಲೋಕವನ್ನು ಓದುಗರಿಗೆ ಪರಿಚಯಿಸಬೇಕೆಂದು ಹೊರಟವನು ಈ ಪೆಟ್ಟಿಗೆಯ ಸುತ್ತಲೇ ಹೆಚ್ಚು ಸುತ್ತುತ್ತೇನೆ. ಆ ಲೋಕದ ಅತಿ ದೊಡ್ಡ ಪ್ರಶ್ನೆ ಅದರೊಳಗೇ ಇದೆ.

ಮೊದಲು ಲೆಕ್ಕ. ಪೆಟ್ಟಿಗೆಯಲ್ಲಿ 16 ಡಬ್ಬ, ಡಬ್ಬಕ್ಕೆ 48 ಪೊಟ್ಟಣ, ಪೊಟ್ಟಣಕ್ಕೆ 14 ಕಾರ್ಡು. ಗುಣಿಸಿದರೆ 768 ಪೊಟ್ಟಣ, 10,752 ಕಾರ್ಡು. ಆ ವರ್ಷದ ಪೂರ್ತಿ ಸರಣಿಯಲ್ಲಿದ್ದದ್ದು 396 ಬಗೆಯ ಕಾರ್ಡು. ಎಲ್ಲವೂ ಸಮನಾಗಿ ಹಂಚಿಹೋಗಿದ್ದರೆ ಒಂದೊಂದು ಬಗೆಯದೂ 27ರಷ್ಟು ಸಿಗಬೇಕು. ಹಾಗಾದರೆ 18ನೇ ನಂಬರಿನ ಕಾರ್ಡೂ 27 ಇರಬೇಕು.

ಆ 18ನೇ ನಂಬರು ವೇಯ್ನ್ ಗ್ರೆಟ್ಸ್ಕಿ. ಕೆನಡಾದಲ್ಲಿ ಈ ಹೆಸರಿಗೆ ಪರಿಚಯ ಬೇಕಿಲ್ಲ. 1961ರಲ್ಲಿ ಒಂಟಾರಿಯೊದ ಬ್ರಾಂಟ್‌ಫರ್ಡ್‌ನಲ್ಲಿ ಹುಟ್ಟಿದ ಹುಡುಗ 1979ರಲ್ಲಿ ಎಡ್ಮಂಟನ್ ಆಯಿಲರ್ಸ್ ತಂಡದ ಜೊತೆ ನ್ಯಾಷನಲ್ ಹಾಕಿ ಲೀಗಿಗೆ ಕಾಲಿಟ್ಟ. 1999ರಲ್ಲಿ ನಿವೃತ್ತನಾದಾಗ ಅವನ ಹೆಸರಿನಲ್ಲಿ 894 ಗೋಲು, ಗೋಲು ಮತ್ತು ನೆರವು ಸೇರಿ 2,857 ಪಾಯಿಂಟು. ಆ ಹುಡುಗನ ಮೊದಲ ವರ್ಷದ ಕಾರ್ಡು, ಸಂಗ್ರಾಹಕರ ಮಾತಿನಲ್ಲಿ ಅವನ 'ರೂಕಿ', ಈ ಸರಣಿಯಲ್ಲಿದೆ.

ಆದರೆ ಆ ಕಾರ್ಡು ಚೊಕ್ಕಟವಾಗಿ ಸಿಗುವುದು ತೀರಾ ಅಪರೂಪ. ಓ-ಪೀ-ಚೀ ಕಾರ್ಖಾನೆಯಲ್ಲಿ ಅಚ್ಚಾದ ಹಾಳೆಗಳನ್ನು ತಂತಿಯಿಂದ ಕತ್ತರಿಸುತ್ತಿದ್ದರು. ಹಾಗಾಗಿ ಅಂಚು ನೇರ ಬಾರದೆ ನಾರುನಾರಾಗಿ ಉಳಿಯುತ್ತಿತ್ತು. ಸಾಲದ್ದಕ್ಕೆ ಆ ವರ್ಷದ ಕಾರ್ಡಿನ ಅಂಚು ನೀಲಿ ಬಣ್ಣದ್ದು, ಉಗುರು ತಾಗಿದರೂ ಒಳಗಿನ ಬಿಳಿ ಕಾಣುತ್ತದೆ. ಚಿತ್ರ ಚೌಕಟ್ಟಿನ ನಡುವೆ ಕೂರದೆ ಒಂದು ಕಡೆಗೆ ಸರಿದಿರುವುದೂ ಸಾಮಾನ್ಯ. ಪೊಟ್ಟಣದೊಳಗಿನ ಗಮ್ ತುಂಡು ಯಾವ ಕಾರ್ಡಿಗೆ ತಾಗಿರುತ್ತದೋ ಅದರ ಮೇಲೆ ಕಂದು ಕಲೆ. ಕಾರ್ಡುಗಳಿಗೆ ಒಂದರಿಂದ ಹತ್ತರವರೆಗೆ ಅಂಕ ಕೊಡುವ ಪಿಎಸ್‌ಎ ಎಂಬ ಅಮೆರಿಕನ್ ಸಂಸ್ಥೆಯಿದೆ. ಅಲ್ಲಿ ಹತ್ತಕ್ಕೆ ಹತ್ತು ಪಡೆದ ಓ-ಪೀ-ಚೀ ಗ್ರೆಟ್ಸ್ಕಿ ಕಾರ್ಡುಗಳು 2021ರ ಹೊತ್ತಿಗೆ ಎರಡೇ ಎರಡು. ಅದರಲ್ಲೊಂದು ಆ ವರ್ಷ 37.5 ಲಕ್ಷ ಡಾಲರ್‌ಗೆ ಮಾರಾಟವಾಯಿತು.

ಈ ಎರಡು ಬೆಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕುಂದಿಲ್ಲದ ಒಂದು ಕಾರ್ಡಿಗೆ 37.5 ಲಕ್ಷ. ಅಂಥ ಕಾರ್ಡು 27 ಇರಬಹುದಾದ, ಒಂದೂ ಇಲ್ಲದಿರಬಹುದಾದ ಪೆಟ್ಟಿಗೆಗೆ 37.2 ಲಕ್ಷ.

ಕೊಂಡವರು ಏನು ಮಾಡಬೇಕು? ಒಡೆದರೆ ಮೂರನೆಯ ಹತ್ತಂಕದ ಗ್ರೆಟ್ಸ್ಕಿ ಬಂದೀತು, ಎರಡು ಬಂದರೂ ಬಂದಾವು. ಅಥವಾ 27 ಕಾರ್ಡುಗಳೂ ಆರು, ಏಳು ಅಂಕದಲ್ಲೇ ನಿಂತಾವು. ಆ ಕಾಲದಲ್ಲಿ ಹಂಚಿಕೆ ಈಗಿನಷ್ಟು ಕಟ್ಟುನಿಟ್ಟಾಗಿರಲಿಲ್ಲ. ಒಂದು ಡಬ್ಬದಲ್ಲಿ ಒಬ್ಬನೇ ಆಟಗಾರ ಮೂರು ಸಲ ಬಂದು, ಇನ್ನೊಂದರಲ್ಲಿ ಅವನ ಸುಳಿವೇ ಇಲ್ಲದಿರುವುದು ನಡೆಯುತ್ತಿತ್ತು. ಟೇಪಿಗೆ ಚಾಕು ಇಟ್ಟ ಕ್ಷಣ 'ಒಡೆಯದ ಪೆಟ್ಟಿಗೆ' ಎಂಬುದು ಲೋಕದಿಂದ ಹೋಗುತ್ತದೆ. ಮರಳಿ ಅಂಟಿಸಿದರೂ ಅದು ಅದಾಗದು. ಇಡುವುದಾದರೆ, ಒಳಗೆ ಏನಿದೆ ಎಂದು ತಿಳಿಯದೆ ಕಾಯಬೇಕು. ಜೀವಮಾನವಿಡೀ ಕಾದು ಮಕ್ಕಳಿಗೆ ಅದೇ ಕಾಯುವಿಕೆಯನ್ನು ದಾಟಿಸಬೇಕು.

ಈ ಕಾರ್ಡುಗಳ ಇತಿಹಾಸ ದೊಡ್ಡದು, ಇಲ್ಲಿ ಚುಟುಕಾಗಿ ಹೇಳುತ್ತೇನೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ತಂಬಾಕು ಕಂಪನಿಗಳು ಸಿಗರೇಟು ಪ್ಯಾಕು ಮುದುಡದಿರಲೆಂದು ಇಡುತ್ತಿದ್ದ ರಟ್ಟಿನ ಮೇಲೆ ಚಿತ್ರ ಹಾಕತೊಡಗಿದವು. 1930ರ ದಶಕದಲ್ಲಿ ಅದು ಗಮ್ ಪೊಟ್ಟಣಕ್ಕೆ ಬಂತು. 1952ರಲ್ಲಿ ಟಾಪ್ಸ್ ಕಂಪನಿಯ ಬೇಸ್‌ಬಾಲ್ ಸರಣಿ ಈಗಿನ ಕಾರ್ಡಿನ ರೂಪವನ್ನು ಗಟ್ಟಿಮಾಡಿತು. ಆ ಸರಣಿಯಲ್ಲಿ ಮಾರಾಟವಾಗದೆ ಉಳಿದ ಡಬ್ಬಗಳನ್ನು ಗೋದಾಮು ಖಾಲಿ ಮಾಡಲೆಂದು ಕಂಪನಿಯ ಸೈ ಬರ್ಗರ್ 1960ರಲ್ಲಿ ದೋಣಿಯಲ್ಲಿ ತುಂಬಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದರು. ಅದೇ ಸರಣಿಯ ಮಿಕ್ಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರ್‌ಗೆ ಹೋಯಿತು. ಓ-ಪೀ-ಚೀ ಒಂಟಾರಿಯೊದ ಲಂಡನ್ ಊರಿನದು, 1911ರಲ್ಲಿ ಮೆಕ್‌ಡರ್ಮಿಡ್ ಸೋದರರು ಕಟ್ಟಿದ್ದು. 1990ರ ದಶಕದಲ್ಲಿ ಅದು ನೆಸ್ಲೆಯ ಕೈಸೇರಿತು.

ಒಡೆಯದ ಪೊಟ್ಟಣ ನಿಜಕ್ಕೂ ಒಡೆಯದ್ದೇ ಎಂದು ಹೇಳುವುದೇ ಈಗ ಒಂದು ಕಸುಬು. ಹಳೆಯ ಪೊಟ್ಟಣ ಮೇಣ ಸವರಿದ ಕಾಗದದ್ದು. ಹಿಂಬದಿಯಲ್ಲಿ ಮಡಚಿ, ಬಿಸಿ ತಾಗಿಸಿ ಅಂಟಿಸುತ್ತಿದ್ದರು. ಅದನ್ನೇ ಮತ್ತೆ ಹದವಾಗಿ ಕಾಯಿಸಿ ಬಿಡಿಸಿ, ಒಳ್ಳೆಯ ಕಾರ್ಡು ತೆಗೆದು ಸಾಮಾನ್ಯದ್ದನ್ನು ಇಟ್ಟು ಮುಚ್ಚುವ ಮೋಸಗಾರರಿದ್ದಾರೆ. ಪರಿಣತರು ಮೇಣದ ಗೆರೆ ಒಂದೇ ಆಗಿದೆಯೋ ಎರಡು ಸಲ ಕರಗಿದೆಯೋ ನೋಡುತ್ತಾರೆ. ಮಡಿಕೆಯ ಗುರುತು ಹಳೆಯದೇ, ಕಾಗದ ಎಳೆದಂತಿದೆಯೇ, ಡಬ್ಬದ ಪೊಟ್ಟಣಗಳೆಲ್ಲ ಒಂದೇ ಬಗೆಯಲ್ಲಿ ಮುಚ್ಚಿವೆಯೇ ಎಂದು ಪರೀಕ್ಷಿಸುತ್ತಾರೆ. ಈ ಕೆಲಸಕ್ಕೆ ಕೈಯ ಅನುಭವ ಬೇಕು, ಸಾವಿರಾರು ಪೊಟ್ಟಣ ಹಿಡಿದ ಬೆರಳು ಬೇಕು.

ಆ ಬೆರಳೂ ತಪ್ಪುತ್ತದೆ. ಯೂಟ್ಯೂಬಿನಿಂದ ಹೆಸರಾದ ಲೋಗನ್ ಪಾಲ್ 2021ರ ಕೊನೆಯಲ್ಲಿ ಪೋಕೆಮಾನ್ ಮೊದಲ ಆವೃತ್ತಿಯ ಆರು ಡಬ್ಬಗಳ ಪೆಟ್ಟಿಗೆಯೊಂದಕ್ಕೆ 35 ಲಕ್ಷ ಡಾಲರ್ ಕೊಟ್ಟ. ಅದು ಅಸಲಿ ಎಂಬ ಪ್ರಮಾಣವೂ ಇತ್ತು. ಪೋಕೆಮಾನ್ ಸಂಗ್ರಾಹಕರು ಅನುಮಾನ ಎತ್ತಿದರು. 2022ರ ಜನವರಿಯಲ್ಲಿ ಕ್ಯಾಮೆರಾ ಮುಂದೆ ಪೆಟ್ಟಿಗೆ ಒಡೆದಾಗ ಡಬ್ಬಗಳೊಳಗೆ ಜಿ.ಐ. ಜೋ ಎಂಬ ಬೇರೆಯೇ ಕಾರ್ಡುಗಳಿದ್ದವು. ಒಡೆಯದೆ ಇಟ್ಟಿದ್ದರೆ ಅದು ಇಂದಿಗೂ ಕೋಟಿಗಟ್ಟಲೆ ಬಾಳುತ್ತಿತ್ತು, ಕೈಯಿಂದ ಕೈಗೆ ದಾಟುತ್ತಿತ್ತು. ಮುಚ್ಚಿದ ಪೆಟ್ಟಿಗೆಯನ್ನು ಕೊಳ್ಳುವವನು ಮುಚ್ಚಿದವನ ಮಾತನ್ನು ಕೊಳ್ಳುತ್ತಿರುತ್ತಾನೆ ಎಂಬುದು ಇದರಿಂದ ನನಗೆ ಸ್ಪಷ್ಟವಾಯಿತು.

ಒಡೆಯದೆ ಒಳಗಿನದನ್ನು ತಿಳಿಯುವ ಆಸೆ ಹಳೆಯದು. ಪೋಕೆಮಾನ್ ಮೊದಲ ಸರಣಿಯ ಪೊಟ್ಟಣದಲ್ಲಿ 11 ಕಾರ್ಡು, ಸುಮಾರು ಮೂರು ಪೊಟ್ಟಣಕ್ಕೊಂದರಲ್ಲಿ ಹೊಳೆಯುವ ಹಾಳೆಯ ಕಾರ್ಡು. ಆ ಹಾಳೆಯ ತೂಕ ಕೂದಲೆಳೆಯಷ್ಟು ಹೆಚ್ಚು. ಅಷ್ಟು ಸಾಕು, ಜನ ಆಭರಣ ತೂಗುವ ತಕ್ಕಡಿ ತಂದರು. ನಾವು ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಕೊಳ್ಳುವ ಹಾಗೆ ಅವರು ಪೊಟ್ಟಣ ತೂಗಿ 'ಭಾರದ್ದು', 'ಹಗುರದ್ದು' ಎಂದು ಬೇರೆ ಮಾಡಿದರು. ಭಾರದ್ದು ತಾವಿಟ್ಟುಕೊಂಡು ಹಗುರದ್ದನ್ನು ತಿಳಿಯದವರಿಗೆ ಮಾರಿದವರು ಎಷ್ಟೋ ಮಂದಿ.

2024ರಲ್ಲಿ ಇದು ಇನ್ನೂ ಮುಂದಕ್ಕೆ ಹೋಯಿತು. ಯಂತ್ರದ ಬಿಡಿಭಾಗಗಳೊಳಗಿನ ಬಿರುಕು ಹುಡುಕುವ ಅಮೆರಿಕದ ಸಂಸ್ಥೆಯೊಂದು ತನ್ನ ಸಿಟಿ ಸ್ಕ್ಯಾನ್ ಯಂತ್ರದಲ್ಲಿ ಕಾರ್ಡಿನ ಪೊಟ್ಟಣಗಳನ್ನೂ ನೋಡಿಕೊಡುತ್ತೇವೆ ಎಂದು ಮುಂದೆ ಬಂತು. ಎಕ್ಸ್-ರೇ ಹಲವು ಕೋನಗಳಿಂದ ಹಾದು ಬರುತ್ತದೆ, ಕಂಪ್ಯೂಟರು ಅವನ್ನೆಲ್ಲ ಕೂಡಿಸಿ ಒಂದೊಂದು ಕಾರ್ಡನ್ನೂ ಪದರ ಬಿಡಿಸಿ ತೋರಿಸುತ್ತದೆ. ಪೊಟ್ಟಣದ ಕಾಗದಕ್ಕೆ ಒಂದು ಗೀರೂ ಆಗುವುದಿಲ್ಲ. ಒಳಗೆ ಎಲ್ಲರೂ ಬಯಸುವ ಚಾರಿಜಾರ್ಡ್ ಎಂಬ ಪೋಕೆಮಾನ್ ಕಾರ್ಡು ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ನನಗೆ ಇದು ಸರಿಕಾಣುವುದಿಲ್ಲ, ಗಟ್ಟಿಯಾಗಿಯೇ ಹೇಳುತ್ತೇನೆ. ಒಡೆದವನು ತನ್ನ ಅದೃಷ್ಟವನ್ನು ಎದುರಿಸುತ್ತಾನೆ. ಇಟ್ಟವನು ಕಾಯುವ ಕಷ್ಟ ಹೊರುತ್ತಾನೆ. ಕದ್ದು ನೋಡಿದವನಿಗೆ ಎರಡೂ ಇಲ್ಲ. ಅವನು ಆ ಪೊಟ್ಟಣವನ್ನು ಮಾರುವಾಗ ಕೊಳ್ಳುವವನ ಕೈಗೆ ಬರುವುದು ಹೊರಗಿನಿಂದ ಮಾತ್ರ ಒಡೆಯದ ಪೊಟ್ಟಣ. ಸ್ಕ್ಯಾನ್ ಆದದ್ದನ್ನು ಹಾಗೆಂದು ಬರೆದೇ ಮಾರಬೇಕೆಂಬ ಕಟ್ಟಳೆಯನ್ನು ಹರಾಜು ಸಂಸ್ಥೆಗಳು ತರಬೇಕು.

ಇಟ್ಟದ್ದೆಲ್ಲ ಬೆಲೆ ಬಾಳುತ್ತದೆ ಎಂದೂ ತಿಳಿಯಬಾರದು. 1980ರ ದಶಕದ ಕೊನೆಯಲ್ಲಿ ಕಾರ್ಡು ಚಿನ್ನವಾಗುತ್ತದೆ ಎಂದು ಜನ ಡಬ್ಬಗಟ್ಟಲೆ ಕೊಂಡಿಟ್ಟರು, ಕಂಪನಿಗಳು ಮಿತಿಯಿಲ್ಲದೆ ಅಚ್ಚು ಹಾಕಿದವು. ಆ ಕಾಲದ ಬಹುಪಾಲು ಡಬ್ಬಗಳು ಒಡೆಯದೆ ಇದ್ದರೂ ಇಂದಿಗೂ ಅಗ್ಗ. ಇನ್ನು 1990ರ ದಶಕದಲ್ಲಿ ಬಂದ ನುಣುಪು ಹೊಳಪಿನ ಕಾರ್ಡುಗಳು ಪೊಟ್ಟಣದೊಳಗೇ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗುತ್ತವೆ. ಸೆಕೆ, ತೇವ ಇರುವಲ್ಲಿ ಬೇಗ ಆಗುತ್ತದೆ. ಬಿಡಿಸಹೋದರೆ ಮುಖ ಕಿತ್ತುಬರುತ್ತದೆ.

ಒಡೆದವರ ಕಥೆಯೂ ಒಂದಿದೆ, ಅದನ್ನು ಬಿಡಲಾರೆ. ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡದ ಪಿಚರ್ ಪಾಲ್ ಸ್ಕೀನ್ಸ್ ಮೊದಲ ಪಂದ್ಯದಲ್ಲಿ ತೊಟ್ಟ ಅಂಗಿಯ ಮೇಲಿನ ಪಟ್ಟಿಯನ್ನು ಕತ್ತರಿಸಿ ಕೂರಿಸಿದ ಕಾರ್ಡನ್ನು ಟಾಪ್ಸ್ ಒಂದೇ ಒಂದು ಮಾಡಿ ಯಾವುದೋ ಪೊಟ್ಟಣದಲ್ಲಿ ಸೇರಿಸಿಬಿಟ್ಟಿತ್ತು. ತಂದುಕೊಟ್ಟವರಿಗೆ ಮೂವತ್ತು ವರ್ಷ ಪಂದ್ಯ ನೋಡಲು ಸೀಟು ಕೊಡುತ್ತೇವೆ ಎಂದು ತಂಡ ಘೋಷಿಸಿತು. 2024ರ ಕ್ರಿಸ್‌ಮಸ್ ದಿನ ಲಾಸ್ ಏಂಜಲೀಸ್ ಕಡೆಯ ಹನ್ನೊಂದು ವರ್ಷದ ಹುಡುಗನೊಬ್ಬ ಉಡುಗೊರೆಯಾಗಿ ಬಂದ ಪೊಟ್ಟಣ ಹರಿದಾಗ ಅದು ಸಿಕ್ಕಿತು. ಮನೆಯವರು ಸೀಟು ಬೇಡವೆಂದು ಹರಾಜಿಗೆ ಕೊಟ್ಟರು. 2025ರ ಮಾರ್ಚಿನಲ್ಲಿ ಬಂದದ್ದು 11.1 ಲಕ್ಷ ಡಾಲರ್. ಆ ಹುಡುಗ ಜಾಣತನದಿಂದ ಪೊಟ್ಟಣವನ್ನು ಎತ್ತಿಟ್ಟಿದ್ದರೆ ಸ್ಕೀನ್ಸ್‌ನ ಅಂಗಿಯ ತುಣುಕು ಎಲ್ಲಿದೆಯೆಂದು ಲೋಕಕ್ಕೆ ತಿಳಿಯುತ್ತಲೇ ಇರಲಿಲ್ಲ.

ನಮ್ಮಲ್ಲಿ ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಗಳನ್ನು, ಚಿಪ್ಸ್ ಪೊಟ್ಟಣದ ಟ್ಯಾಝೊಗಳನ್ನು ಒಂದು ತಲೆಮಾರು ಆಸೆಯಿಂದ ಕೂಡಿಸಿದೆ. ಅಂಗಡಿಯ ಕಟ್ಟೆ ಇಳಿಯುವ ಮೊದಲೇ ಹರಿಯುತ್ತಿದ್ದೆವು. ಗೆಳೆಯರ ಜೊತೆ ಅದಲುಬದಲು ಮಾಡಿಕೊಂಡ ಆ ಸಂಜೆಗಳು ಯಾವ ಹರಾಜಿನಲ್ಲೂ ಸಿಗುವಂಥವಲ್ಲ.

ರೆಜೈನಾದ ಪೆಟ್ಟಿಗೆಯನ್ನು ಮಾತ್ರ ಒಡೆಯಬಾರದು ಎಂಬುದು ನನ್ನ ತೀರ್ಮಾನ. ಗ್ರೆಟ್ಸ್ಕಿ ಕಾರ್ಡುಗಳು ಹೊರಗೆ ಸಾಕಷ್ಟಿವೆ, ಆ ವರ್ಷ ಕಾರ್ಖಾನೆಯಿಂದ ಸರಕು ಹೇಗೆ ಹೊರಡುತ್ತಿತ್ತು ಎಂದು ತೋರಿಸುವ ಇಡೀ ಪೆಟ್ಟಿಗೆ ಸಿಗುವುದು ಕಷ್ಟ. ಅದು ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್‌ನಂಥ ಕಡೆ, ಜನ ನೋಡುವಲ್ಲಿ ಇರಬೇಕು. ನಿಮ್ಮ ಬಂಧುಗಳ ಮನೆಯ ಅಟ್ಟದಲ್ಲಿ ಅಂಥ ಹಳೆಯ ಡಬ್ಬ ಕಂಡರೆ ಟೇಪು ಕೀಳಬೇಡಿ, ಬಿಸಿಲು ತೇವ ತಾಗದಂತೆ ಇಟ್ಟು, ತಿಳಿದವರಿಗೆ ತೋರಿಸಿದ ಮೇಲೆ ನಿರ್ಧರಿಸಿ. ಆದರೆ ಇಂದು ಅಂಗಡಿಯಿಂದ ತಂದ ಪೋಕೆಮಾನ್ ಪೊಟ್ಟಣ ಮಗುವಿನ ಕೈಯಲ್ಲಿದ್ದರೆ, ಮುಂದೆ ಬೆಲೆ ಬಂದೀತೆಂದು ಕಸಿದು ಬೀರುವಿಗೆ ಹಾಕಬೇಡಿ. ಒಡೆಯಲು ಬಿಡಿ, ಪಕ್ಕದಲ್ಲಿ ಕೂತು ನೀವೂ ನೋಡಿ.