ಗುಡ್ಡದ ಸೀಮೆಯಲ್ಲಿ ಬೆಳೆ ಆರಿಸುವುದು ದಾರಿ

ಯಾವ ಬೆಳೆ ಇಡೋಣ ಅಂತ ಕೇಳಿದರೆ ಮಣ್ಣು ನೋಡು, ನೀರು ನೋಡು ಅಂತಾರೆ. ಸರಿಯೇ. ಆದರೆ ಗುಡ್ಡಗಾಡಿನ ಬೇಸಾಯಗಾರ ಮೂರನೆಯದೊಂದನ್ನೂ ನೋಡಬೇಕು. ಬೆಳೆದದ್ದು ಹೊಲದಿಂದ ಮಾರುಕಟ್ಟೆಗೆ ಹೋಗುವ ದಾರಿ. ನಮ್ಮ ತಿಪ್ಪಸಂದ್ರ ಹೋಬಳಿಯಲ್ಲಿ ಯಾರ ಹೊಲದಲ್ಲಿ ಏನಿದೆ ಎಂಬುದನ್ನು ಮುಕ್ಕಾಲು ಪಾಲು ತೀರ್ಮಾನಿಸಿರುವುದು ಈ ದಾರಿಯೇ ಎಂದು ನನ್ನ ಎಣಿಕೆ.

ನಮ್ಮ ಸೀಮೆ ನೋಡದವರಿಗೆ ನಾಲ್ಕು ಮಾತು. ತಿಪ್ಪಸಂದ್ರ ಮಾಗಡಿ ತಾಲೂಕಿನದು. ಮಾಗಡಿಗೂ ಕುಣಿಗಲ್ಲಿಗೂ ನಡುವೆ ಬರುತ್ತದೆ. ಜಿಲ್ಲೆ ಮೊದಲು ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಹೆಸರು ಬದಲಾಗಿ ಬೆಂಗಳೂರು ದಕ್ಷಿಣ. ಗುಡ್ಡಗಳು ಮಾತ್ರ ಅವೇ. ದೊಡ್ಡದು ಸಾವನದುರ್ಗ, 1,226 ಮೀಟರ್ ಎತ್ತರದ ಒಂಟಿ ಬಂಡೆ. ಉತ್ತರಕ್ಕೆ ಶಿವಗಂಗೆ, ದಕ್ಷಿಣಕ್ಕೆ ರಾಮದೇವರ ಬೆಟ್ಟ. ಈ ಕಲ್ಲಿಗೆ ಭೂಗರ್ಭದವರು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೇ ಹೆಸರು.

ಗುಡ್ಡದ ಇಳಿಜಾರಿನಲ್ಲಿ ಮಣ್ಣು ತೆಳು, ಕೆಂಪು, ಗರಸು. ಅಲ್ಲಿ ರಾಗಿ, ಅವರೆ, ಹುರುಳಿ, ಮಾವು. ಕೊಚ್ಚಿ ಬಂದ ಮಣ್ಣು ನಿಂತ ತಗ್ಗಿನಲ್ಲಿ ಕೆರೆ, ಅದರ ಕೆಳಗೆ ತೆಂಗು, ಅಡಿಕೆ, ನೀರಿದ್ದವರಿಗೆ ಹಿಪ್ಪುನೇರಳೆ. ಮಳೆ ನೀರು ಇಬ್ಭಾಗವಾಗಿ ಹರಿಯುತ್ತದೆ. ಪೂರ್ವದ್ದು ಅರ್ಕಾವತಿಗೆ. ನಂದಿಬೆಟ್ಟದ ಕಡೆಯಿಂದ ಬರುವ ಈ ಹೊಳೆಗೆ ಶಿವಗಂಗೆಯಿಂದ ಬರುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಕೂಡುತ್ತದೆ. ಬೆಂಗಳೂರಿಗೆ ಕುಡಿಯುವ ನೀರಿಗಾಗಿ 1933ರಲ್ಲಿ ಜಲಾಶಯ ಕಟ್ಟಿದ್ದು ಅಲ್ಲೇ. ಆಮೇಲೆ ಮಂಚನಬೆಲೆ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ. ಪಶ್ಚಿಮದ ನೀರು ಶಿಂಷಾ ಕಡೆಗೆ ಹೋಗುತ್ತದೆ. ಅದೂ ಕೊನೆಗೆ ಸೇರುವುದು ಕಾವೇರಿಯನ್ನೇ.

ನೀರಿಗೆ ಸುತ್ತಿ ಬಳಸಿ ಹೋಗುವುದು ಕಷ್ಟವಲ್ಲ, ಗಾಡಿಗೆ ಕಷ್ಟ. 1791ರ ಡಿಸೆಂಬರಿನಲ್ಲಿ ಬ್ರಿಟಿಷರು ಸಾವನದುರ್ಗ ಹಿಡಿಯಲು ಬಂದಾಗ ಫಿರಂಗಿ ಎಳೆಯುವುದಕ್ಕೆ ಬಿದಿರು ಕಾಡು ಕಡಿದು ದಾರಿ ಮಾಡಿಕೊಳ್ಳಬೇಕಾಯಿತು. ಕೆಂಪೇಗೌಡರ ವಂಶದವರು 1638ರಲ್ಲಿ ಬೆಂಗಳೂರು ಕಳೆದುಕೊಂಡ ಮೇಲೆ ಮಾಗಡಿಯಲ್ಲಿ ನೆಲೆನಿಂತದ್ದಕ್ಕೆ ಈ ದುರ್ಗಮತೆಯೂ ಒಂದು ಕಾರಣವಿದ್ದೀತು. ಪಾಳೇಗಾರರಿಗೆ ಒಳ್ಳೆಯದಾದದ್ದು ರೈತನಿಗೂ ಒಳ್ಳೆಯದಾಗಬೇಕು ಅಂತೇನಿಲ್ಲವಲ್ಲ!

ರೈಲೂ ಹಾಗೇ. ಬೆಂಗಳೂರು–ಮೈಸೂರು ಹಳಿ 1881–82ರಲ್ಲೇ ಬಂತು, ರಾಮನಗರ, ಚನ್ನಪಟ್ಟಣದ ಮೇಲೆ. ಬೆಂಗಳೂರು–ಹಾಸನ ಹಳಿ 2017ರಲ್ಲಿ ಪೂರ್ತಿಯಾಯಿತು, ನೆಲಮಂಗಲ, ಸೋಲೂರು, ಕುಣಿಗಲ್ ಮೇಲೆ. ಒಂದು ದಕ್ಷಿಣಕ್ಕೆ, ಇನ್ನೊಂದು ಉತ್ತರಕ್ಕೆ. ನಡುವೆ ಮಾಗಡಿ ಪೇಟೆಗೆ ಇವತ್ತಿಗೂ ರೈಲಿಲ್ಲ. ನಮಗೇನಿದ್ದರೂ ರಸ್ತೆಯೇ ಗತಿ.

ಇಂಥ ಕಡೆ ರೈತ ಏನು ಮಾಡುತ್ತಾನೆ? ಯೂರೋಪಿನ ಆಲ್ಪ್ಸ್ ಪರ್ವತದ ಕಣಿವೆಗಳನ್ನು ನೋಡಿ. ನಮ್ಮ ಗುಡ್ಡಗಳು ಅದರ ಮುಂದೆ ಗುಡ್ಡೆ ಕಲ್ಲು. ಅಲ್ಲಿಯವರು ಬೇಸಗೆಯಲ್ಲಿ ಹಸು ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗುತ್ತಾರೆ. ದಾರಿ ಇಲ್ಲದ ಕಾಲದಲ್ಲಿ ಕರೆದ ಹಾಲನ್ನು ದಿನಾ ಕೆಳಗೆ ಸಾಗಿಸುವುದು ಆಗದ ಮಾತು. ಅದಕ್ಕೇ ಮೇಲೆಯೇ ಹಾಲು ಒಡೆಸಿ ಚೀಸು ಮಾಡಿದರು. ಸುಮಾರು ಹತ್ತು ಲೀಟರ್ ಹಾಲು ಒಂದು ಕಿಲೋ ಗಟ್ಟಿ ಚೀಸಾಗುತ್ತದೆ. ಹೊರೆ ಕಮ್ಮಿ, ತಿಂಗಳುಗಟ್ಟಲೆ ಕೆಡುವುದಿಲ್ಲ, ಬೆಲೆ ಜಾಸ್ತಿ.

ನಮ್ಮ ಚೀಸು ಯಾವುದು ಗೊತ್ತೇ? ರೇಷ್ಮೆ ಗೂಡು. ಲೆಕ್ಕ ಹಾಕಿ. ನೂರು ಮೊಟ್ಟೆ ಹುಳ ಮೇಯಿಸಲು ಹೆಚ್ಚು ಕಮ್ಮಿ ಒಂದು ಟನ್ ಸೊಪ್ಪು ಬೇಕು. ಕೊನೆಗೆ ಸಿಗುವ ಗೂಡು, ಮಿಶ್ರತಳಿಯಾದರೆ, 60–70 ಕಿಲೋ. ಟನ್ ಸೊಪ್ಪನ್ನು ಗುಡ್ಡ ದಾಟಿಸಬೇಕಾಗಿದ್ದರೆ ಯಾರೂ ಈ ಕಸುಬಿಗೆ ಬರುತ್ತಿರಲಿಲ್ಲ. ಸೊಪ್ಪು ಮನೆಯಲ್ಲೇ ಖರ್ಚಾಗಿ ಎರಡು ಮೂರು ಮೂಟೆಯಾಗಿ ರಾಮನಗರಕ್ಕೆ ಹೊರಡುತ್ತದೆ. ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ ಎನಿಸಿಕೊಂಡದ್ದು ಅಲ್ಲಿದೆ.

ಆದರೆ ಚೀಸಿಗಿರುವ ತಾಳ್ಮೆ ಗೂಡಿಗಿಲ್ಲ. ಒಳಗೆ ಜೀವ ಇದೆ. ಹುಳ ಹಣ್ಣಾಗಿ ಚಂದ್ರಿಕೆ ಹತ್ತಿದ ಐದಾರನೇ ದಿನಕ್ಕೆ ಗೂಡು ಬಿಡಿಸುತ್ತೇವೆ. ದ್ವಿತಳಿಯಾದರೆ ಇನ್ನೆರಡು ದಿನ ತಡೆಯಬೇಕು. ಅವಸರಪಟ್ಟರೆ ಒಳಗಿನ ಕೋಶ ಎಳಸಾಗಿ ಒಡೆದು ಗೂಡಿಗೆ ಕಲೆ ಬರುತ್ತದೆ. ತಡಮಾಡಿದರೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ನಡುವೆ ಸಿಗುವ ಮೂರ್ನಾಲ್ಕು ದಿನದಲ್ಲೇ ಗಾಡಿ ಸಿಕ್ಕಬೇಕು, ಹರಾಜಿನ ಹೊತ್ತಿಗೆ ಮುಟ್ಟಬೇಕು, ಮಳೆ ಇರಬಾರದು. ಮೂಟೆಯನ್ನು ಅದುಮಿ ತುಂಬಬಾರದು. ಗೋಣಿಯಲ್ಲಿ ಸಡಿಲವಾಗಿ ತುಂಬಿ, ಒಂದರ ಮೇಲೊಂದು ಪೇರಿಸದೆ, ತಣ್ಣನೆ ಹೊತ್ತಿನಲ್ಲಿ ಸಾಗಿಸಬೇಕು. ಬಿಸಿಲಲ್ಲಿ ಬೆಂದ ಗೂಡನ್ನು ರೀಲರು ಕೈಗೆತ್ತಿಕೊಂಡ ಕೂಡಲೇ ಗುರುತು ಹಿಡೀತಾರೆ.

ಹಾಲಿನ ಕಥೆ ಬೇರೆ. ದಿನಕ್ಕೆರಡು ಸಲ ಊರಿನ ಡೇರಿ ಮುಂದೆ ಗಾಡಿ ಬಂದರಷ್ಟೇ ಅದು ಹಣ. ಹಸು ಕಟ್ಟುವ ಮೊದಲು ಡೇರಿ ಗಾಡಿ ಎಲ್ಲಿಯವರೆಗೆ ಬರುತ್ತದೆ ಎಂದು ನೋಡಿಕೊಳ್ಳುವುದು ಇದಕ್ಕೇ. ಮಾಗಡಿ ಅವರೆಗೆ ಬೆಂಗಳೂರಿನಲ್ಲಿ ಹೆಸರಿದೆ. ಮಾಗಿಯ ಇಬ್ಬನಿ ಕುಡಿದ ಕಾಯಿಯ ಸೊಗಡೇ ಸೊಗಡು. ಕಿತ್ತ ಮಾರನೆಯ ದಿನಕ್ಕೆ ಅರ್ಧ ಹೋಗಿರುತ್ತದೆ. ಬೆಳಗಿನ ಜಾವದ ಬಸ್ಸು ಇರುವ ಊರಿನವರು ಹಸಿ ಕಾಯಿ ಮಾರುತ್ತಾರೆ, ಇಲ್ಲದವರು ಒಣಗಿಸಿ ಕಾಳು ಮಾಡುತ್ತಾರೆ. ರಾಗಿ ತಿನ್ನುವುದಕ್ಕಾಯಿತು.

ಈಗಿನ ರಸ್ತೆಗಳ ಮಾತಿಗೆ ಬರೋಣ. ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದೇ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬರಬಾರದು ಎಂದಾಯಿತು. ವೇಗದ ರಸ್ತೆಯಲ್ಲಿ ನಿಧಾನದ ಗಾಡಿ ಅಪಾಯ ಎಂಬುದು ನಿಜವೇ. ಆದರೆ ರಾಮನಗರ, ಚನ್ನಪಟ್ಟಣದ ಸಣ್ಣ ರೈತನ ಹತ್ತಿರ ಇರುವುದೇ ಈ ಮೂರು ಗಾಡಿ. ಅವನ ಪಾಲಿಗೆ ಉಳಿದದ್ದು ಪಕ್ಕದ ಸರ್ವಿಸ್ ರಸ್ತೆ. ಹೆದ್ದಾರಿ ಹತ್ತಿರ ಬಂತು ಎಂದು ಸಾಲ ಮಾಡಿ ಬೆಳೆ ಬದಲಾಯಿಸುವವರು ತಮ್ಮ ಗಾಡಿಗೆ ಅಲ್ಲಿ ಜಾಗವಿದೆಯೇ ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ರಸ್ತೆ ಅಗಲವಾದಷ್ಟೂ ಒಳ್ಳೆಯದು ಅಂತಲೂ ಅನ್ನಲಾರೆ. ನಮ್ಮ ತಾಲೂಕಿನ ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಸುಮಾರು 4 ಕಿ.ಮೀ. ಉದ್ದಕ್ಕೂ ಆಲದ ಮರಗಳಿವೆ. ಸಾಲುಮರದ ತಿಮ್ಮಕ್ಕ, ಗಂಡ ಚಿಕ್ಕಯ್ಯ ಇಬ್ಬರೂ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದು. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲಿಸುವಾಗ ಇವಕ್ಕೆ ಕುತ್ತು ಬಂದಿತ್ತು. ಅಜ್ಜಿಯೇ ಸರ್ಕಾರಕ್ಕೆ ಹೇಳಿ, ಬೇರೆ ದಾರಿ ನೋಡುವಂತೆ ಕೇಳಬೇಕಾಯಿತು. 2025ರ ನವೆಂಬರಿನಲ್ಲಿ ತೀರಿಕೊಂಡರು. ಮಧ್ಯಾಹ್ನದ ಹೊತ್ತಿನಲ್ಲಿ ಗೂಡಿನ ಮೂಟೆ ಹೇರಿದ ಗಾಡಿ ಕೆಟ್ಟು ನಿಂತರೆ ಅಂಥ ನೆರಳಿನ ಬೆಲೆ ತಿಳೀತದೆ.

2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಸೊಪ್ಪು, ಅವರೆಕಾಯಿ ಗಂಟು ಕಟ್ಟಿಕೊಂಡು ಸಂತೆಗೆ ಹೋಗುವ ಹೆಂಗಸರಿಗೆ ಇದು ನಿಜವಾದ ಉಳಿತಾಯ. ಪಕ್ಕದ ಮನೆಯ ಅಕ್ಕ ಹೇಳುತ್ತಿದ್ದರು: ‘ಮೊದ್ಲು ಐದು ಕೇಜಿಗೆ ಹೋದ್ರೆ ಬಸ್ ಚಾರ್ಜಿಗೇ ಸರಿಹೋಗೋದು ಕಣಪ್ಪ. ಈಗ ಐದು ಕೇಜಿನೂ ಮಾರ್ಕೊಂಡ್ ಬರ್ತೀನಿ.’ ಸಣ್ಣ ಹಿಡುವಳಿಗೆ ಇದು ದೊಡ್ಡ ಸಂಗತಿ.

ಗೂಡಿಗೆ ನಾವು ಮಾಡಿಕೊಂಡಿರುವ ಏರ್ಪಾಡು ಹೇಳಿ ಮುಗಿಸುತ್ತೇನೆ. ಒಬ್ಬನೇ 60 ಕಿಲೋಗೆ ಲಗೇಜು ಆಟೋ ಹಿಡಿದರೆ ಬಾಡಿಗೆ ಮೈಮೇಲೆ ಬರುತ್ತದೆ. ಅದಕ್ಕೆ ನಾವು ನಾಲ್ಕು ಮನೆಯವರು ಒಂದೇ ದಿನ ಚಾಕಿ ಹುಳ ತರುತ್ತೇವೆ. ತಳಿಯೂ ಒಂದೇ. ಹೀಗೆ ಹುಳ ಜ್ವರಕ್ಕೆ ಹೋಗುವುದು, ಹಣ್ಣಾಗುವುದು, ಗೂಡು ಬಿಡಿಸುವುದು ಎಲ್ಲ ಹೆಚ್ಚು ಕಡಿಮೆ ಒಟ್ಟಿಗೆ ಬರುತ್ತದೆ. ಒಂದು ದಿನ ಹಿಂದೆ ಮುಂದೆ ಆದವರಿಗೆ ಉಳಿದವರು ಕಾಯುತ್ತಾರೆ, ಅದಕ್ಕಿಂತ ಹೆಚ್ಚು ಕಾಯುವುದಿಲ್ಲ. ಮೂಟೆಗೆ ಮನೆಗೊಂದು ಬಣ್ಣದ ದಾರ ಕಟ್ಟಿ ಗುರುತು ಮಾಡುತ್ತೇವೆ, ಗೂಡು ಬೆರೆಸುವುದಿಲ್ಲ. ಬಾಡಿಗೆ ತೂಕದ ಪ್ರಕಾರ ಹಂಚಿಕೆ. ಬರುವಾಗ ಅದೇ ಆಟೋದಲ್ಲಿ ಹಸುವಿನ ಹಿಂಡಿ ಹಾಕಿಸಿಕೊಂಡು ಬರುತ್ತೇವೆ.