ಒಂದೇ ಮನೆ, ಒಂದೇ ವೈರಸ್: ಕಾಯಿಲೆ ಮಾತ್ರ ಬೇರೆ ಏಕೆ?



2020-21ರ ಕೊರೊನಾ ದಿನಗಳನ್ನು ನೆನಪಿಸಿಕೊಳ್ಳಿ. ಒಂದೇ ಮನೆಯಲ್ಲಿ ಅಜ್ಜಿಗೆ ಎರಡು ದಿನ ಜ್ವರ ಬಂದು ಹೋಯಿತು; ಗಟ್ಟಿಮುಟ್ಟಾಗಿದ್ದ ಮಗ ಆಕ್ಸಿಜನ್ ಹಾಸಿಗೆ ಸೇರಿದ. "ನಾವು ಎಲ್ಲಿ ತಪ್ಪಿದೆವು?" ಎಂಬ ಪ್ರಶ್ನೆ ಇಂದಿಗೂ ಅನೇಕ ಕುಟುಂಬಗಳನ್ನು ಕಾಡುತ್ತಿದೆ. ಇದಕ್ಕೆ ವಿಜ್ಞಾನ ನೀಡುವ ಉತ್ತರದ ಒಂದು ಭಾಗವನ್ನು ತಿಳಿಯೋಣ.

ವೈರಸ್ ನುಗ್ಗಿದ ಕೂಡಲೇ ನಮ್ಮ ಜೀವಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಕಳ್ಳ ನುಗ್ಗಿದಾಗ ಮನೆಯವರು ಕೂಗಿಕೊಂಡರೆ ನೆರೆಹೊರೆಯವರು ಬಾಗಿಲು ಭದ್ರಪಡಿಸಿಕೊಳ್ಳುವುದಿಲ್ಲವೇ? ಇದೂ ಹಾಗೆಯೇ. ಈ ಕೂಗು ತಡವಾದರೆ ವೈರಸ್ ಬೆಳೆದುಬಿಡುತ್ತದೆ. ಆಮೇಲೆ ಏಳುವ ಉರಿಯೂತ ನಮ್ಮ ಶ್ವಾಸಕೋಶವನ್ನೇ ಕೆಡಿಸುತ್ತದೆ. ಈ ರಕ್ಷಣಾ ವ್ಯವಸ್ಥೆಯನ್ನು ಕಟ್ಟುವ ಸೂಚನೆಗಳು ಇರುವುದು ನಮ್ಮ ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿ.

2020ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯರು ಎರಡು ಕುಟುಂಬಗಳ ನಾಲ್ವರು ಯುವಕರನ್ನು ಕಂಡರು. ಎರಡು ಜೊತೆ ಸಹೋದರರು, ವಯಸ್ಸು 21ರಿಂದ 32, ಮೊದಲು ಆರೋಗ್ಯವಂತರು. ಆದರೂ ಕೊರೊನಾದಿಂದ ನಾಲ್ವರ ಸ್ಥಿತಿಯೂ ಗಂಭೀರವಾಯಿತು, ಒಬ್ಬರು ತೀರಿಕೊಂಡರು. ಪರೀಕ್ಷಿಸಿದಾಗ ವೈರಸ್ಸನ್ನು ಗುರುತಿಸುವ ಟಿಎಲ್‌ಆರ್7 ಎಂಬ ಜೀನ್‌ನಲ್ಲಿ ದೋಷ ಕಂಡಿತು. ಇದು ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಎಕ್ಸ್ ಎರಡು. ಒಂದು ಕೆಟ್ಟರೆ ಇನ್ನೊಂದಿದೆ. ಗಂಡಿಗೆ ಒಂದೇ, ಅದೂ ತಾಯಿಯಿಂದ ಬಂದದ್ದು. ಹಾಗಾದರೆ ತಾಯಿಯನ್ನು ದೂರಬೇಕೇ? ಖಂಡಿತ ಇಲ್ಲ. ತಾನೇ ಅರಿಯದೆ ದಾಟಿಸಿದ್ದಕ್ಕೆ ಯಾವ ತಾಯಿಯೂ ಹೊಣೆಯಲ್ಲ.

ಇಂತಹ ದೋಷ ಅಪರೂಪ. ಆದರೆ ಸಾಮಾನ್ಯವಾದ ವ್ಯತ್ಯಾಸಗಳೂ ಇವೆ. ನಿಯಾಂಡರ್ತಲ್ ಎಂಬ ಪ್ರಾಚೀನ ಮಾನವರಿಂದ ಬಂದ, ಮೂರನೆಯ ವರ್ಣತಂತುವಿನ ಒಂದು ತುಣುಕು ಕೊರೊನಾದ ಅಪಾಯವನ್ನು ಹೆಚ್ಚಿಸುತ್ತದೆ ಎಂದು 2020ರಲ್ಲಿ ಹ್ಯೂಗೋ ಝೆಬರ್ಗ್ ಮತ್ತು ಸ್ವಾಂತೆ ಪಾಬೋ ತೋರಿಸಿದರು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಇದು ಇದೆ. ಯೂರೋಪಿನಲ್ಲಿ ಸುಮಾರು ಶೇ. 16ರಷ್ಟು. ಅದೇ ಪೂರ್ವಜರಿಂದ ಬಂದ, ಹನ್ನೆರಡನೆಯ ವರ್ಣತಂತುವಿನ ಇನ್ನೊಂದು ತುಣುಕು ಅಪಾಯವನ್ನು ತಗ್ಗಿಸುತ್ತದೆ ಎಂದು ಇವರೇ 2021ರಲ್ಲಿ ತಿಳಿಸಿದರು.

ಹಾಗೆಯೇ, ಸಿಸಿಆರ್5 ಎಂಬ ಜೀನ್‌ನ ಒಂದು ತುಂಡು ತಂದೆತಾಯಿ ಇಬ್ಬರಿಂದಲೂ ಇಲ್ಲದೆ ಬಂದವರಿಗೆ ಎಚ್‌ಐವಿ ಸೋಂಕು ತಗಲುವುದು ಬಹಳ ವಿರಳ. ಆದರೆ ಅದೇ ಜನರಿಗೆ ವೆಸ್ಟ್ ನೈಲ್ ವೈರಸ್ ತಗಲಿದರೆ ಕಾಯಿಲೆ ತೀವ್ರವಾಗುವ ಸಂಭವ ಹೆಚ್ಚು. ಒಂದೆಡೆ ಕಾಯುವುದೇ ಇನ್ನೊಂದೆಡೆ ಕೈಕೊಡುತ್ತದೆ. ಆದ್ದರಿಂದ 'ಒಳ್ಳೆಯ ವಂಶ', 'ಕೆಟ್ಟ ವಂಶ' ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ.

ಪ್ರಿಯರೇ, ಜೀನ್ ಎಂದರೆ ಹಣೆಬರಹವಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ದೇಹಕ್ಕೆ ಹೊಕ್ಕ ವೈರಸ್ಸಿನ ಪ್ರಮಾಣ, ಹಾಕಿಸಿಕೊಂಡ ಲಸಿಕೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆ ಅಪಾಯದ ತುಣುಕು ಇದ್ದವರಲ್ಲಿಯೂ ಹೆಚ್ಚಿನವರು ಗುಣಮುಖರಾದರು. ನಿಮ್ಮ ಕುಟುಂಬದಲ್ಲಿ ಎಳೆಯ ವಯಸ್ಸಿನವರು ಸೋಂಕಿನಿಂದ ತೀರಿಕೊಂಡಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಲಸಿಕೆಯನ್ನು ತಪ್ಪಿಸಬೇಡಿ. ಅಗಲಿದವರ ಸಾವಿನ ಹೊಣೆಯನ್ನು ನಿಮ್ಮ ಮೇಲಾಗಲಿ, ಮನೆಯವರ ಮೇಲಾಗಲಿ ಹೊರಿಸಬೇಡಿ. ಅವರನ್ನು ಪ್ರೀತಿಯಿಂದ ನೆನೆಯಿರಿ, ಅಷ್ಟೇ ಸಾಕು.